ಮಿಣುಕುವ ಬೆಳಕಿಗೆ ಹೆದರಿದವಳು

ಅಂಬಲಪಾಡಿಯ ನಳಿನಾಕ್ಷಿ ಸಂಜೆಯ ಕಾರ್ಯಕ್ರಮಗಳಿಗೆ ಬರುವುದಿಲ್ಲ ಎಂಬುದು ಅವಳ ಗಿರಾಕಿಗಳಿಗೆಲ್ಲ ಗೊತ್ತಿತ್ತು. ಯಾಕೆ ಬರುವುದಿಲ್ಲ ಎಂಬುದು ಮಾತ್ರ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮದುವೆಯಿದ್ದರೆ ಮಧ್ಯಾಹ್ನದ ಊಟಕ್ಕೆ ಹೋಗಿ ಬರುತ್ತಿದ್ದಳು. ರಾತ್ರಿಯ ರಿಸೆಪ್ಶನ್ ಎಂದರೆ "ಅರ್ಜೆಂಟು ಹೊಲಿಗೆ ಉಂಟು" ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಶಾಲೆಗಳ ವಾರ್ಷಿಕೋತ್ಸವಕ್ಕೆ ರಾಶಿ ರಾಶಿ ಡ್ಯಾನ್ಸ್ ಡ್ರೆಸ್ ಹೊಲಿದು ಕೊಡುವವಳು ಅವಳೇ. ಆದರೆ ಆ ಡ್ರೆಸ್ ತೊಟ್ಟ ಮಕ್ಕಳು ಸ್ಟೇಜಿನ ಮೇಲೆ ಕುಣಿಯುವುದನ್ನು ಅವಳು ಒಮ್ಮೆಯೂ ಕಂಡವಳಲ್ಲ.

ಅವಳ ಹೊಲಿಗೆ ಅಂಗಡಿ ಬೈಪಾಸಿನ ಹತ್ತಿರ, ಒಂದು ಹಳೆಯ ಕಟ್ಟಡದ ಮಹಡಿಯಲ್ಲಿತ್ತು. ಎರಡು ಮಿಷನ್, ಒಂದು ಕತ್ತರಿಸುವ ಮೇಜು, ಗೋಡೆ ತುಂಬ ತೂಗುಹಾಕಿದ ಬಟ್ಟೆ. ರಸ್ತೆ ಕಡೆಯ ಕಿಟಕಿಗೆ ದಪ್ಪ ಪರದೆ. ಆಂಬುಲೆನ್ಸ್ ಸದ್ದು ಕೇಳಿದರೆ ಅವಳ ಕೈ ತಾನಾಗಿ ಪರದೆಯತ್ತ ಹೋಗುತ್ತಿತ್ತು. ಕೋಣೆಯ ಟ್ಯೂಬ್‌ಲೈಟ್ ಸ್ವಲ್ಪ ಪಟಪಟ ಎಂದರೆ ಸಾಕು, ಅದೇ ದಿನ ಬದಲಿಸಿಬಿಡುತ್ತಿದ್ದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಅಲೆವೂರಿನ ಗ್ಲೋರಿಯಾ ಇದನ್ನೆಲ್ಲ ವರ್ಷಗಳಿಂದ ನೋಡಿದವಳು. ಒಮ್ಮೆ ಕ್ರಿಸ್ಮಸ್ಸಿಗೆ ಊಟಕ್ಕೆ ಕರೆದಾಗ, ನಳಿನಾಕ್ಷಿ ಅಂಗಳದಲ್ಲಿ ಕಾಲಿಡುವ ಮೊದಲೇ ಗ್ಲೋರಿಯಾ ಓಡಿಹೋಗಿ ಮಿಣುಕುತ್ತಿದ್ದ ನಕ್ಷತ್ರದ ಸ್ವಿಚ್ಚು ಆರಿಸಿದ್ದಳು. ಯಾಕೆಂದು ಇವಳು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ನಳಿನಾಕ್ಷಿ ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಹೈಸ್ಕೂಲಿಗೆ ಸೇರಿದ ವರ್ಷ ಒಂದು ಬೆಳಿಗ್ಗೆ ಅಪ್ಪನ ಬಸ್ಸಿನಲ್ಲೇ ಕಿಟಕಿ ಬದಿಗೆ ಕೂತು ಉಡುಪಿಗೆ ಹೊರಟಿದ್ದಳು. ರಸ್ತೆ ಬದಿಯ ಗಾಳಿಮರಗಳ ಸಾಲಿನ ಹಿಂದಿನಿಂದ ಎಳೆಬಿಸಿಲು ಕಣ್ಣಿಗೆ ಹೊಡೆಯತೊಡಗಿತು. ಬೆಳಕು, ನೆರಳು, ಬೆಳಕು, ನೆರಳು. ಚೆಂದ ಕಾಣುತ್ತದೆ ಅಂದುಕೊಂಡದ್ದಷ್ಟೇ ನೆನಪು. ಎಚ್ಚರವಾದಾಗ ಬಸ್ಸು ನಿಂತಿತ್ತು, ಅವಳ ತಲೆ ಅಪ್ಪನ ತೊಡೆಯ ಮೇಲಿತ್ತು, ಎಲ್ಲರೆದುರು ಅಪ್ಪ ಅಳುತ್ತಿದ್ದರು. ನಾಲಗೆ ಕಚ್ಚಿ ಬಾಯಿ ತುಂಬ ರಕ್ತದ ರುಚಿ. ಲಂಗ ಒದ್ದೆಯಾಗಿತ್ತು. ಫಿಟ್ಸ್ ಬಂದದ್ದಕ್ಕಿಂತ ಆ ಒದ್ದೆ ಲಂಗದಲ್ಲಿ ಬಸ್ಸಿನಿಂದ ಇಳಿದದ್ದೇ ಅವಳ ಮನಸ್ಸಿನಲ್ಲಿ ಉಳಿಯಿತು.

ಮಣಿಪಾಲದ ಡಾಕ್ಟರು ತಲೆಗೆ ವಯರು ಅಂಟಿಸಿ, ಕಣ್ಣೆದುರು ದೀಪ ಮಿಣುಕಿಸಿ ಪರೀಕ್ಷೆ ಮಾಡಿದರು. ಅಪಸ್ಮಾರದಲ್ಲೇ ಇದೊಂದು ಬಗೆ, ಮಿಣುಕುವ ಬೆಳಕು ಇದಕ್ಕೆ ಕಿಡಿ ಹಚ್ಚುತ್ತದೆ, ಮಾತ್ರೆ ತಪ್ಪಬಾರದು, ನಿದ್ದೆ ಕೆಡಬಾರದು ಎಂದರು. ಇನ್ನೊಂದನ್ನೂ ಹೇಳಿಕೊಟ್ಟರು: "ಅಂಥ ಬೆಳಕು ಎದುರಾದರೆ ಎರಡು ಕಣ್ಣೂ ಮುಚ್ಚಿ ನಿಲ್ಲಬೇಡಮ್ಮ, ರೆಪ್ಪೆಯೊಳಗೂ ಬೆಳಕು ನುಗ್ಗುತ್ತದೆ. ಒಂದು ಕಣ್ಣಿನ ಮೇಲೆ ಅಂಗೈ ಗಟ್ಟಿಯಾಗಿ ಒತ್ತಿ ಹಿಡಿ, ಮುಖ ತಿರುಗಿಸಿ ಅಲ್ಲಿಂದ ಹೊರಟುಬಿಡು."

ಅಂದಿನಿಂದ ಅವಳ ಬದುಕೆಂದರೆ ಅಲ್ಲಿಂದ ಹೊರಟುಬಿಡುವುದೇ ಆಯಿತು. ಹೊರಡಲಾಗದೆ ಹೋದದ್ದು ಒಂದೇ ಸಲ, ಕಾರ್ಕಳದ ಕಲ್ಯಾಣ ಮಂಟಪದಲ್ಲಿ ನಡೆದ ಅವಳದೇ ನಿಶ್ಚಿತಾರ್ಥದಲ್ಲಿ. ವೇದಿಕೆಯ ಸುತ್ತ ಮಿಣುಕುತ್ತಾ ಓಡುವ ಸೀರಿಯಲ್ ದೀಪಗಳು, ಮುಖದ ಮೇಲೆ ವಿಡಿಯೊದವನ ಲೈಟು. ಹಾರ ಹಾಕಿಸಿಕೊಂಡ ಮದುಮಗಳು ಅಂಗೈ ಕಣ್ಣಿಗಿಟ್ಟುಕೊಂಡು ಎಲ್ಲಿಗೆ ಹೋಗುವುದು? ಗಂಡಿನ ಕಡೆಯವರ ಎದುರೇ ಬಿದ್ದಳು. ಯಾರೋ ಹಿರಿಯರು ಅವಳ ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ಒತ್ತಿ ಹಿಡಿದಿದ್ದರಂತೆ. ಅದರ ಹಲ್ಲಿನ ಗುರುತು ವಾರದವರೆಗೆ ಅಂಗೈಯಲ್ಲಿತ್ತು. ಗಂಡಿನವರು ಜಗಳವಾಡಲಿಲ್ಲ. ಬಡಿಸಿದ ಎಲೆಯೆದುರು ಕೂರದೆ ಹೊರಟುಹೋದರು, ಅಷ್ಟೆ.

ಆಮೇಲೆ ಬೇರೆ ಸಂಬಂಧ ಬರಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳು ತಮ್ಮ ವಿನೀತನ ಮನೆಗೆ, ಅಂಬಲಪಾಡಿಗೆ ಬಂದಳು. ಮಾತ್ರೆಯಿಂದ ಫಿಟ್ಸ್ ಹತೋಟಿಗೆ ಬಂತು, ಬರುವುದು ನಿಂತೇ ವರ್ಷಗಳಾದವು. ಭಯ ಮಾತ್ರ ನಿಲ್ಲಲಿಲ್ಲ. ತಮ್ಮನ ಹೆಂಡತಿ ವಿನೋದಾ ಕೆಟ್ಟವಳಲ್ಲ; ಮಾತ್ರೆ ಮುಗಿಯುವ ಮೊದಲೇ ತರಿಸಿಡುತ್ತಿದ್ದಳು. ಆದರೆ ಮಗಳು ಗಾನವಿ ಕಾಲೇಜಿಗೆ ಹೋಗತೊಡಗಿದ ಮೇಲೆ ಆಗಾಗ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು: "ಅತ್ತಿಗೆ, ಹೊರಗೆ ಎಲ್ಲೂ ಬಾಯಿ ತಪ್ಪಿ ಹೇಳಬೇಡಿ, ಆಯ್ತಾ? ನಾಳೆ ಇವಳಿಗೆ ಸಂಬಂಧ ನೋಡುವಾಗ ಮನೆತನದಲ್ಲಿ ಉಂಟಂತೆ ಅಂತ ಯಾರಾದರೂ ಅಂದರೆ ಎಂತ ಮಾಡುವುದು?" ನಳಿನಾಕ್ಷಿ ತಲೆಯಾಡಿಸುತ್ತಿದ್ದಳು. ಅವಳಿಗೂ ಹೇಳುವ ಆಸೆಯೇನೂ ಇರಲಿಲ್ಲ.

ಹೀಗಿರುವಾಗ ನವೆಂಬರಿನಲ್ಲಿ ಒಂದು ದಿನ ಟ್ರೆವರ್ ಎಂಬವನು ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಕಾರ್ಕಳದವನು, ಮಣಿಪಾಲದ ಒಂದು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ.

"ನಳಿನಕ್ಕ, ಡಿಸೆಂಬರಿನಲ್ಲಿ ಮಣಿಪಾಲದ ಪಾರ್ಕಿನಲ್ಲಿ ಬೆಳಕಿನ ಕಲಾಕೃತಿಗಳ ಪ್ರದರ್ಶನ ಉಂಟು. ಕ್ರಿಸ್ಮಸ್ಸಿಗೆ ಮೊದಲು ಶುರುವಾಗಿ ಹೊಸ ವರ್ಷ ಬರುವವರೆಗೆ, ದಿನಾ ಸಂಜೆ. ಬೇರೆ ಬೇರೆ ಊರಿನ ತಂಡಗಳು ಬರುತ್ತವೆ. ನಾನು ಬಂಗುಡೆ ಮೀನಿನ ಒಂದು ಹಿಂಡು ಮಾಡಬೇಕು ಅಂತ ಇದ್ದೇನೆ. ಬೆತ್ತದ ಚೌಕಟ್ಟು, ಮೇಲೆ ಬಟ್ಟೆ, ಒಳಗೆ ದೀಪ. ಮರದಿಂದ ಮರಕ್ಕೆ ಈಜುತ್ತಾ ಹೋದ ಹಾಗೆ ತೂಗಬೇಕು. ಬಟ್ಟೆ ಹೊಲಿಯಲಿಕ್ಕೆ ನೀವೇ ಆಗಬೇಕು."

ಕಾಗದ ಬಿಡಿಸಿದ. ನಳಿನಾಕ್ಷಿಗೆ ಚಿತ್ರ ನೋಡಿದ ಕೂಡಲೇ ಇಷ್ಟವಾಯಿತು. ಮರುಕ್ಷಣವೇ ಮೀನಿನ ಹೊಟ್ಟೆಯಲ್ಲಿ ಬರೆದ ದೀಪದ ಮೇಲೆ ಬೆರಳಿಟ್ಟಳು.

"ಆ ದೀಪ ಮಿಣುಕುತ್ತದಾ?"

"ಇಲ್ಲಪ್ಪ. ನಿಂತ ಬೆಳಕು. ಉಸಿರಾಡಿದ ಹಾಗೆ ನಿಧಾನವಾಗಿ ಹೆಚ್ಚಾಗಿ ಕಡಿಮೆ ಆಗುತ್ತದೆ, ಅಷ್ಟೆ. ಯಾಕೆ?"

"ಏನಿಲ್ಲ, ಸುಮ್ಮನೆ ಕೇಳಿದೆ."

ಗ್ಲೋರಿಯಾ ಮಿಷನ್ನಿನಿಂದ ತಲೆಯೆತ್ತಿ ನೋಡಿ, ಮತ್ತೆ ಬಗ್ಗಿದಳು.

ಆ ನಾಲ್ಕಾರು ವಾರ ನಳಿನಾಕ್ಷಿ ಮಾಡಿದ ಕೆಲಸದಲ್ಲಿ ಕಂಡ ಸುಖ ಹಿಂದೆಂದೂ ಕಂಡದ್ದಲ್ಲ. ಬೆಳ್ಳಿ ಬಣ್ಣದ ತೆಳು ಆರ್ಗಂಜಾ ಹೊಟ್ಟೆಗೆ, ನೀಲಿ ಹಸಿರು ಕಲೆಸಿದಂಥ ಬಟ್ಟೆ ಬೆನ್ನಿಗೆ. ಬಂಗುಡೆಯ ಬೆನ್ನ ಮೇಲಿನ ಕಪ್ಪು ಗೆರೆ ನೇರವಾಗಿದ್ದರೆ ಮೀನು ಸತ್ತ ಹಾಗೆ ಕಾಣುತ್ತದೆ ಎಂದು, ಮಾರ್ಕೆಟ್ಟಿನಿಂದ ಮೀನು ತರಿಸಿ ಮೇಜಿನ ಮೇಲಿಟ್ಟುಕೊಂಡು ಆ ಗೆರೆಯ ಡೊಂಕನ್ನು ಸೀಮೆಸುಣ್ಣದಿಂದ ಬಟ್ಟೆಗೆ ಇಳಿಸಿದಳು. "ಅಕ್ಕ, ಮಧ್ಯಾಹ್ನಕ್ಕೆ ಇದರದ್ದೇ ಪುಳಿಮುಂಚಿ ಸಾರು ಮಾಡುವ" ಎಂದು ಗ್ಲೋರಿಯಾ ನಕ್ಕಳು. ಅತಿ ದೊಡ್ಡ ಮೀನು ಅಂಗಡಿಯಲ್ಲಿ ಹಿಡಿಸದೆ ಅದರ ಬಾಲವನ್ನು ಮೆಟ್ಟಿಲ ಮೇಲೆ ಹರಡಿ ಹೊಲಿಯಬೇಕಾಯಿತು.

ಉದ್ಘಾಟನೆಯ ದಿನ ಹತ್ತಿರವಾಗುತ್ತಿದ್ದ ಹಾಗೆ ಟ್ರೆವರ್ ಮತ್ತೆ ಮತ್ತೆ ಕೇಳತೊಡಗಿದ. "ಬೋರ್ಡಿನಲ್ಲಿ ನಿಮ್ಮ ಹೆಸರೂ ಉಂಟು ನಳಿನಕ್ಕ, ಬರಲೇಬೇಕು." ಅವಳು ಮೊದಲು ಹೊಲಿಗೆ ಎಂದಳು, ಆಮೇಲೆ ಸೊಂಟನೋವು ಎಂದಳು, ಕೊನೆಗೆ ನೆಂಟರು ಬರುತ್ತಾರೆ ಎಂದಳು. ಅವನ ಮುಖ ಸಪ್ಪಗಾಯಿತು. "ನಿಮಗೆ ನನ್ನ ಕೆಲಸ ಹಿಡಿಸಲಿಲ್ಲ ಅಂತ ಕಾಣುತ್ತದೆ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದ. ಅಂದು ರಾತ್ರಿಯಿಂದ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಉದ್ಘಾಟನೆಯಿದ್ದದ್ದು ಕ್ರಿಸ್ಮಸ್ಸಿಗೆ ಮೊದಲಿನ ಶನಿವಾರ. ಅಂದು ಊಟ ಮುಗಿಸಿ ಕೂತಿದ್ದಾಗ ಫೋನ್ ಬಂತು. ಟ್ರೆವರನ ದನಿಯಲ್ಲಿ ಗಾಬರಿ.

"ನಳಿನಕ್ಕ, ಗಾಳಿಗೆ ದೊಡ್ಡ ಮೀನಿನ ಹೊಟ್ಟೆ ಕೊಂಬೆಗೆ ಸಿಕ್ಕಿ ಹರಿದುಹೋಗಿದೆ. ಪೂರ್ತಿ ಇಳಿಸಿದರೆ ವಯರಿಂಗ್ ಎಲ್ಲ ಪುನಃ ಮಾಡಬೇಕು. ನೀವು ಬಂದರೆ ತೂಗಿದ ಹಾಗೆಯೇ ಹೊಲಿಯಬಹುದು. ದಯವಿಟ್ಟು ಅಕ್ಕ."

"ದೀಪ ಹಚ್ಚುವುದು ಎಷ್ಟು ಹೊತ್ತಿಗೆ?"

"ಕತ್ತಲಾದ ಮೇಲೆ. ಅಷ್ಟರೊಳಗೆ ನಾನೇ ನಿಮ್ಮನ್ನು ಮನೆಗೆ ಬಿಡುತ್ತೇನೆ."

ಬಿಸಿಲಿರುವಾಗಲೇ ಹೋಗಿ ಬಿಸಿಲಿರುವಾಗಲೇ ಬರುವುದು ಎಂದು ತನಗೆ ತಾನೇ ಹೇಳಿಕೊಂಡು, ಸೂಜಿ, ದಾರ, ಉಳಿದ ಆರ್ಗಂಜಾ ಬಟ್ಟೆ ಚೀಲಕ್ಕೆ ತುಂಬಿ, ಗ್ಲೋರಿಯಾಳ ಜೊತೆ ರಿಕ್ಷಾ ಹತ್ತಿದಳು. ದಾರಿಯುದ್ದಕ್ಕೂ ಸೂರ್ಯ ಎಲ್ಲಿದ್ದಾನೆ ಎಂದು ಬಗ್ಗಿ ಬಗ್ಗಿ ನೋಡಿದಳು.

ಪಾರ್ಕು ಮಣಿಪಾಲದ ಗುಡ್ಡದ ಅಂಚಿನಲ್ಲಿತ್ತು. ಚಳಿಗಾಲದ ಗಾಳಿ ಕಣಿವೆಯಿಂದ ನೇರವಾಗಿ ಬಂದು ಹೊಡೆಯುತ್ತಿತ್ತು. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಬೆಳಕಿನ ಸಾಮಾನು: ಹುಲ್ಲಿನ ಮೇಲೆ ಗಾಜಿನ ತಾವರೆಗಳು, ಬೆಂಚುಗಳ ಹಿಂದೆ ತಂತಿಯ ನವಿಲು, ಗೇಟಿನಿಂದ ಒಳಕ್ಕೆ ಬರುವ ಕಾಲುದಾರಿಗೆ ತಾಗಿ ಕಮಾನು ಕಮಾನಾಗಿ ಕಟ್ಟಿದ ಉದ್ದದ ಒಂದು ಗುಹೆ. "ಅದು ಸಿಡಿಲ ಗುಹೆ, ಹೊರಗಿನ ತಂಡದ್ದು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಬೆಳಕು ಹೊಡೆಯುತ್ತದೆ" ಎಂದ ಟ್ರೆವರ್, ಹೆಮ್ಮೆಯಿಂದ. ನಳಿನಾಕ್ಷಿ ಗೇಟಿನ ಕಡೆ ತಿರುಗಿ ನೋಡಿದಳು. ಹೊರಗೆ ಹೋಗುವ ದಾರಿ ಆ ಗುಹೆಯ ಪಕ್ಕದ್ದೊಂದೇ.

ಅವಳು ಸ್ಟೂಲಿನ ಮೇಲೆ ನಿಂತು ಹೊಲಿಯತೊಡಗಿದಳು. ಗಾಳಿಗೆ ಮೀನು ತಿರುಗುತ್ತಿತ್ತು. ಗ್ಲೋರಿಯಾ ಬಾಲ ಹಿಡಿದು ನಿಂತಳು. ಹರುಕು ಎಣಿಸಿದ್ದಕ್ಕಿಂತ ಉದ್ದ ಇತ್ತು, ಬಟ್ಟೆ ಎಳೆದರೆ ಮತ್ತೊಂದು ಕಡೆ ಬಿಡುತ್ತಿತ್ತು. ತೇಪೆ ಹಾಕಿ ಹೊಲಿಯುವಾಗ ಅವಸರಕ್ಕೆ ಎರಡು ಸಲ ಬೆರಳಿಗೇ ಚುಚ್ಚಿಕೊಂಡಳು. ಬಿಸಿಲು ಕೆಂಪಾಯಿತು. ಆಮೇಲೆ ಬಟ್ಟೆಯ ಬಣ್ಣವೇ ಸರಿಯಾಗಿ ಕಾಣದಾಯಿತು. ಸುತ್ತ ಜನ ಸೇರತೊಡಗಿದರು, ಮಕ್ಕಳ ಕೂಗಾಟ, ಐಸ್‌ಕ್ರೀಮ್ ಗಾಡಿಯ ಗಂಟೆ.

"ಸಾಕು ಅಕ್ಕ, ನಿಲ್ಲುತ್ತದೆ" ಎಂದಳು ಗ್ಲೋರಿಯಾ.

ನಳಿನಾಕ್ಷಿ ದಾರ ಕಚ್ಚಿ ಕತ್ತರಿಸಿ ಇಳಿದಳು. ಟ್ರೆವರ್ ಎಲ್ಲೂ ಕಾಣಲಿಲ್ಲ. ಅತಿಥಿಗಳು ಹೇಳಿದ್ದಕ್ಕಿಂತ ಮೊದಲೇ ಬಂದರೆಂದು ಯಾರೋ ಅವನನ್ನು ಕರೆದುಕೊಂಡು ಹೋಗಿದ್ದರು. ಇಬ್ಬರೂ ಗೇಟಿನ ಕಡೆ ಬಿರಬಿರನೆ ನಡೆದರು. ಇನ್ನೇನು ಗುಹೆ ದಾಟಬೇಕು, ಅಷ್ಟರಲ್ಲಿ ಸ್ಪೀಕರಿನಿಂದ ಚೆಂಡೆ ಗುಡುಗಿತು, ಇಡೀ ಗುಹೆ ಒಮ್ಮೆಲೇ ಬೆಳ್ಳಗೆ ಹೊಡೆಯಿತು.

ಬೆಳಕು, ಕತ್ತಲೆ, ಬೆಳಕು, ಕತ್ತಲೆ.

ಅವಳ ಎಡಗೈ ಎಡಗಣ್ಣನ್ನು ಒತ್ತಿ ಹಿಡಿಯಿತು. ಮುಖ ತಿರುಗಿಸಿ ಪಕ್ಕದ ಗೋಳಿಮರದ ಹಿಂದೆ ಹೋಗಿ ತೊಗಟೆಗೆ ಹಣೆಯಾನಿಸಿ ನಿಂತಳು. ಗ್ಲೋರಿಯಾ ತನ್ನ ಶಾಲು ಬಿಚ್ಚಿ ಅಗಲವಾಗಿ ಹಿಡಿದು ಗುಹೆಗೂ ಅವಳಿಗೂ ನಡುವೆ ಅಡ್ಡ ನಿಂತಳು. "ಇದು ಮುಗಿಯಲಿ, ಆಮೇಲೆ ಹೋಗುವ" ಎಂದಳು. ನಳಿನಾಕ್ಷಿ ಉಸಿರು ಎಣಿಸುತ್ತಾ ನಿಂತಳು. ಹಿಂದಿನ ರಾತ್ರಿಗಳ ನಿದ್ದೆ ಕೆಟ್ಟದ್ದು ನೆನಪಾಯಿತು. ಇಲ್ಲಿ ಬಿದ್ದರೆ, ಇಷ್ಟು ಜನರೆದುರು, ಇಷ್ಟು ಮೊಬೈಲುಗಳೆದುರು ಬಿದ್ದರೆ ಎಂಬುದೊಂದೇ ತಲೆಯಲ್ಲಿ ಗಿರಗಿರನೆ ತಿರುಗುತ್ತಿತ್ತು.

ಆಗ ಗುಹೆಯ ಕಡೆಯಿಂದ ಒಬ್ಬ ಹೆಂಗಸು ಕಿರುಚಿದಳು. "ಭಾವನಾ! ಅಯ್ಯೋ, ಭಾವನಾ!"

ಚೆಂಡೆಯ ಅಬ್ಬರದಲ್ಲಿ ಅದು ಆಟದ ಕಿರುಚಾಟದ ಹಾಗೇ ಕೇಳಿಸಿತು. ಆದರೆ ಆ ದನಿ ನಳಿನಾಕ್ಷಿಗೆ ಗೊತ್ತಿತ್ತು. ನಿಶ್ಚಿತಾರ್ಥದ ದಿನ ಬೀಳುವಾಗ ಅಮ್ಮ ಅವಳನ್ನು ಹಾಗೆಯೇ ಕರೆದಿದ್ದರು. ಮರದ ಮರೆಯಿಂದ ಇಣುಕಿದಳು. ಗುಹೆಯ ಬಾಯಲ್ಲಿ ಹದಿನಾರು ಹದಿನೇಳರ ಹುಡುಗಿಯೊಬ್ಬಳು ನೆಲದ ಮೇಲೆ ಬಿದ್ದು ಸೆಟೆದುಕೊಂಡು ಅದುರುತ್ತಿದ್ದಳು. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು. ಒಬ್ಬ ಹುಡುಗ, ಮೆಡಿಕಲ್ ಓದುವವನಿರಬೇಕು, ಮಂಡಿಯೂರಿ ಹುಡುಗಿಯನ್ನು ಮಗ್ಗುಲಿಗೆ ತಿರುಗಿಸುತ್ತಿದ್ದ. ಬೆಳಕು ಮಾತ್ರ ಅವಳ ಮುಖಕ್ಕೆ ಹೊಡೆಯುತ್ತಲೇ ಇತ್ತು.

"ಲೈಟ್ ನಿಲ್ಲಿಸಬೇಕು" ಎಂದಳು ನಳಿನಾಕ್ಷಿ.

"ನಾನು ಹೋಗಿ ಹೇಳ್ತೇನೆ, ನೀವು ಇಲ್ಲೇ ಇರಿ" ಎಂದು ಗ್ಲೋರಿಯಾ ಶಾಲು ಅವಳ ಮೇಲೆ ಹಾಕಿ ನುಗ್ಗಿದಳು. ಜನರ ಗೋಡೆಯಲ್ಲಿ ಅವಳು ಸಿಕ್ಕಿಕೊಂಡದ್ದು ಇಲ್ಲಿಂದಲೇ ಕಂಡಿತು. ಲೈಟು ನಡೆಸುವವನ ಮೇಜು ಗುಹೆಯ ಆಚೆ ಮಗ್ಗುಲಲ್ಲಿತ್ತು. ಈ ಕಡೆಯಿಂದ ಜನ ಕಡಿಮೆ, ಆದರೆ ಗುಹೆಯ ಬಾಯಿಗೆ ಅಡ್ಡಲಾಗಿಯೇ ಹೋಗಬೇಕು. ಮರ ಹಿಡಿದೇ ನಿಂತಳು. ಹುಡುಗಿಯ ಕೈ ನೆಲಕ್ಕೆ ಬಡಿಯುವುದು ಕಂಡಿತು. ಬಿಳಿ ಅಂಗಿ ತೊಟ್ಟ ಮುದುಕರೊಬ್ಬರು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆಯುವುದೂ ಕಂಡಿತು.

ಹೊರಟಳು. ಎಡಗಣ್ಣಿನ ಮೇಲೆ ಅಂಗೈ, ಬಲಗಣ್ಣು ಕಾಲಿನ ಹೆಬ್ಬೆರಳ ಮೇಲೆ. ನಡುವೆ ಬಲಗೈ ಬೆರಳುಗಳು ತಾವಾಗಿ ಒಮ್ಮೆ ಕುಪ್ಪಳಿಸಿದವು. ಅದು ಏನೆಂದು ಅವಳಿಗೆ ಗೊತ್ತಿತ್ತು. ಫಿಟ್ಸ್ ಬರುತ್ತಿದೆ ಎಂದರ್ಥ. ನಿಲ್ಲದೆ ನಡೆದಳು, ಕೊನೆಯ ಕೆಲವು ಹೆಜ್ಜೆ ಓಡಿದಳು. ಮೇಜಿನ ಹಿಂದೆ ಟೋಪಿ ಹಾಕಿದ ಯುವಕ.

"ಲೈಟ್ ಬಂದ್ ಮಾಡಿ!"

"ಎಂತ ಮೇಡಂ? ಅತಿಥಿಗಳು ಬರ್ತಾ ಇದ್ದಾರೆ, ಈಗ ಆಗ್ಲಿಕ್ಕಿಲ್ಲ."

"ಹುಡುಗಿ ಬಿದ್ದಿದ್ದಾಳೆ! ನಿಮ್ಮ ಲೈಟಿಗೇ ಫಿಟ್ಸ್ ಬಂದದ್ದು!"

ಚೆಂಡೆಯ ಅಬ್ಬರದಲ್ಲಿ ಅವನಿಗೆ ಈ ಮಾತು ಸರಿಯಾಗಿ ಕೇಳಿಸಲಿಲ್ಲ. ಕಿವಿಗೆ ಕೈ ಇಟ್ಟುಕೊಂಡು ಬಗ್ಗಿದ, ಇನ್ನೊಂದು ಕೈಯಿಂದ ಚೆಂಡೆಯ ಸದ್ದು ತಗ್ಗಿಸಿದ. ಅದೇ ಹೊತ್ತಿಗೆ ಅವಳು ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು. "ನನಗೂ ಅದೇ ಕಾಯಿಲೆ ಉಂಟು ಮಾರಾಯ! ಬಂದ್ ಮಾಡದಿದ್ದರೆ ನಾನೂ ಇಲ್ಲೇ ಬೀಳ್ತೇನೆ!"

ಸದ್ದಡಗಿದ ಪಾರ್ಕಿನಲ್ಲಿ ಆ ಮಾತು ನಿಚ್ಚಳವಾಗಿ ಕೇಳಿಸಿತು. ಹತ್ತಿರ ನಿಂತವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಅವಳ ಗಿರಾಕಿಯೊಬ್ಬರು, ಶಾಲೆಯ ಟೀಚರು, ಇದ್ದದ್ದನ್ನು ಅವಳು ಕಂಡಳು. ಯುವಕ ಅವಳ ಮುಖವನ್ನೂ ಕಣ್ಣಿನ ಮೇಲಿನ ಕೈಯನ್ನೂ ನೋಡಿ ಸ್ವಿಚ್ಚು ಎಳೆದ. ಗುಹೆ ಕತ್ತಲಾಯಿತು.

ಅವಳು ಮೇಜು ಹಿಡಿದು ನಿಂತಳು. ಬೆರಳು ಮತ್ತೆ ಕುಪ್ಪಳಿಸುತ್ತದೆಯೇ ಎಂದು ಕಾದಳು. ಇಲ್ಲ. ನಿಧಾನವಾಗಿ ಹುಡುಗಿಯ ಬಳಿ ಬಂದಳು. ಅದುರುವುದು ಕಡಿಮೆಯಾಗುತ್ತಿತ್ತು. ಮುದುಕರು ಬೀಗದ ಕೈಯನ್ನು ಹುಡುಗಿಯ ಮುಷ್ಟಿಗೆ ತುರುಕಲು ನೋಡುತ್ತಿದ್ದರು. ಮೆಡಿಕಲ್ ಹುಡುಗ ಬೇಡವೆಂದರೂ ಕೇಳುತ್ತಿರಲಿಲ್ಲ.

"ಅದು ಬೇಡ ಅಣ್ಣ" ಎಂದು ನಳಿನಾಕ್ಷಿ ಅವರ ಕೈ ಹಿಡಿದಳು. "ನನಗೂ ಹಿಡಿಸಿದ್ದರು. ಕೈಗೆ ಗಾಯ ಆದದ್ದು ಬಿಟ್ಟರೆ ಬೇರೆ ಎಂತದ್ದೂ ಆಗಲಿಲ್ಲ. ಸ್ವಲ್ಪ ಗಾಳಿ ಬಿಡಿ." ಮುದುಕರು ಅವಳನ್ನು ದಿಟ್ಟಿಸಿ ನೋಡಿ ಹಿಂದೆ ಸರಿದರು.

ಹುಡುಗಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವಳ ಪ್ಯಾಂಟು ಒದ್ದೆಯಾಗಿದ್ದುದನ್ನು ಯಾರೂ ಗಮನಿಸುವ ಮೊದಲೇ ಗ್ಲೋರಿಯಾಳ ಶಾಲನ್ನು ಸೊಂಟದಿಂದ ಕೆಳಕ್ಕೆ ಹೊದೆಸಿ, ಎರಡು ಮಗ್ಗುಲಲ್ಲೂ ಸಿಕ್ಕಿಸಿದಳು. ಜನಸಂದಣಿಯಿಂದ ಅಂತೂ ಬಿಡಿಸಿಕೊಂಡು ಬಂದ ಗ್ಲೋರಿಯಾ ಮೊಬೈಲ್ ಹಿಡಿದವರನ್ನೆಲ್ಲ ಬೈದು ಓಡಿಸಿದಳು.

ಹುಡುಗಿ ಕಣ್ಣು ತೆರೆದಾಗ ಅದರಲ್ಲಿ ಗುರುತೇ ಇರಲಿಲ್ಲ. ತಾಯಿಯನ್ನೂ ನೋಡಿದಳು, ಆಕಾಶವನ್ನೂ ಹಾಗೆಯೇ ನೋಡಿದಳು. "ಭಾವನಾ, ಎಂತ ಆಯ್ತು? ಮಾತಾಡು, ಮಾತಾಡು!" ಎಂದು ತಾಯಿ ಅಲುಗಿಸುತ್ತಿದ್ದರು.

"ಈಗ ಪ್ರಶ್ನೆ ಕೇಳಬೇಡಿ" ಎಂದಳು ನಳಿನಾಕ್ಷಿ. "ಅವಳಿಗೆ ಎಲ್ಲಿದ್ದೇನೆ ಅಂತ ಗೊತ್ತಾಗಲಿಕ್ಕೆ ಸ್ವಲ್ಪ ಹೊತ್ತು ಬೇಕು." ಆಮೇಲೆ ಹುಡುಗಿಯ ಕಿವಿಯ ಬಳಿ, ತನಗೆ ಯಾರೂ ಹೇಳದ ಮಾತುಗಳನ್ನು ಒಂದೊಂದಾಗಿ ಹೇಳಿದಳು. "ನೀನು ಪಾರ್ಕಿನಲ್ಲಿದ್ದೀ. ಅಮ್ಮ ಇಲ್ಲೇ ಇದ್ದಾರೆ. ತಲೆ ನೋಯುತ್ತದೆ, ಹೌದಲ್ವಾ? ಕಡಿಮೆ ಆಗುತ್ತದೆ. ಬಟ್ಟೆಯ ಚಿಂತೆ ಬೇಡ, ನಾನು ಮುಚ್ಚಿದ್ದೇನೆ. ಯಾರೂ ನೋಡಲಿಲ್ಲ."

ಹುಡುಗಿಯ ಕೈ ತಡಕಾಡಿ ಶಾಲನ್ನು ಗಟ್ಟಿಯಾಗಿ ಹಿಡಿಯಿತು.

ಆಂಬುಲೆನ್ಸ್ ಗೇಟಿನ ತನಕ ಬಂತು. ಸುತ್ತುವ ದೀಪ ಕಂಡು ನಳಿನಾಕ್ಷಿ ಮುಖ ತಿರುಗಿಸಿದಳು. ತಿರುಗಿಸಿದ ಕಡೆ, ಕತ್ತಲ ಮರಗಳ ನಡುವೆ, ಅವಳ ಬಂಗುಡೆಗಳು ಬೆಳಗುತ್ತಿದ್ದವು. ಬೆಳ್ಳಿ ಹೊಟ್ಟೆ, ನೀಲಿ ಬೆನ್ನು, ಡೊಂಕು ಗೆರೆಗಳು. ಉಸಿರಾಡಿದ ಹಾಗೆ ನಿಧಾನವಾಗಿ ಹೆಚ್ಚಿ ಇಳಿಯುವ ಬೆಳಕು. ಬಾಯಿ ತೆರೆದು ನೋಡುತ್ತಾ ನಿಂತಳು. ತೇಪೆ ಹಾಕಿದ ಜಾಗದಲ್ಲಿ ಮಾತ್ರ ಒಂದು ಮಸುಕು ಕಲೆ. "ಇನ್ನೂ ತೆಳುವಾದ ತುಂಡು ಹಾಕಬೇಕಿತ್ತು" ಎಂದಳು. ಗ್ಲೋರಿಯಾ ಅವಳ ಭುಜ ಹಿಡಿದಳು. ಆಗ ನಳಿನಾಕ್ಷಿಗೆ ಅಳು ಬಂತು.

ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ವಿನೋದಾ ಬಾಗಿಲಲ್ಲೇ ನಿಂತಿದ್ದಳು.

"ಹೇಳಿಬಿಟ್ಟಿರಂತೆ! ಎಲ್ಲರೆದುರು, ಕೂಗಿ! ಇಷ್ಟು ವರ್ಷ ನಾನು ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದು ಯಾಕೆ ಅತ್ತಿಗೆ?"

"ಹುಡುಗಿ ಬಿದ್ದಿದ್ದಳು ವಿನೋದಾ."

"ಲೈಟ್ ಬಂದ್ ಮಾಡಿ ಅಂತ ಅಷ್ಟೇ ಹೇಳಬಹುದಿತ್ತಲ್ಲ!"

ನಳಿನಾಕ್ಷಿ ಮೊದಲು ಅಷ್ಟೇ ಹೇಳಿದ್ದಳು, ಆ ಯುವಕ ಆಗಲಿಕ್ಕಿಲ್ಲ ಎಂದಿದ್ದ. ಇನ್ನೊಮ್ಮೆ ಅಷ್ಟೇ ಹೇಳಬಹುದಿತ್ತೋ ಏನೋ. ವಿನೀತ ಅಕ್ಕನಿಗೆ ನೀರು ತಂದುಕೊಟ್ಟ. ಊಟ ಸೇರಲಿಲ್ಲ. ಆ ಗಲಾಟೆಯಲ್ಲಿ ಮಾತ್ರೆ ನುಂಗುವುದೂ ಮರೆತುಹೋಯಿತು, ಬೆಳಗಿನವರೆಗೆ ಕಣ್ಣು ಮುಚ್ಚಲೂ ಇಲ್ಲ. ಟೀಚರ ಮುಖ, ತಿರುಗಿ ನೋಡಿದವರ ಮುಖಗಳು, ಗಾನವಿಯ ಮುಖ.

ಬೆಳಿಗ್ಗೆ ಅಡಿಗೆಮನೆಯಲ್ಲಿ ಕಾಫಿ ಲೋಟ ಹಿಡಿದಿದ್ದಾಗ ಬೆರಳು ಕುಪ್ಪಳಿಸಿತು. ಈ ಸಲ ನಿಲ್ಲಲಿಲ್ಲ.

ಎಚ್ಚರವಾದಾಗ ತಲೆಯಡಿ ಮೆತ್ತಗಿನದೇನೋ ಇತ್ತು. ವಿನೋದಾಳ ಮಡಿಲು. ಅವಳು ತನ್ನ ಸೆರಗಿನಿಂದ ಇವಳ ಬಾಯಿ ಒರೆಸುತ್ತಾ, "ಇಲ್ಲೇ ಇದ್ದೇನೆ ಅತ್ತಿಗೆ, ಇಲ್ಲೇ ಇದ್ದೇನೆ" ಎನ್ನುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ವಿನೋದಾ ಫಿಟ್ಸ್ ಕಣ್ಣಾರೆ ಕಂಡದ್ದು ಅದೇ ಮೊದಲು. ಯಾರಿಗೂ ಕಾಣಬಾರದೆಂದು ಬಾಗಿಲು ಹಾಕಲು ಹೋಗಲಿಲ್ಲ. ಬೊಬ್ಬೆ ಹೊಡೆದು ಪಕ್ಕದ ಮನೆಯವರನ್ನು ಅವಳೇ ಕರೆದಿದ್ದಳು. ಆಮೇಲೂ ಅವಳ ಸಿಟ್ಟು ಪೂರ್ತಿ ಹೋಯಿತು ಎನ್ನುವ ಹಾಗಿಲ್ಲ. ಸಂಬಂಧದ ಮಾತು ಬಂದಾಗಲೆಲ್ಲ ನಿಟ್ಟುಸಿರು ಬಿಡುತ್ತಾಳೆ. "ನನಗೆ ಎಂತ ಆಗುವುದು ಉಂಟು ಅಮ್ಮ, ಸುಮ್ಮನಿರು" ಎಂದು ಗಾನವಿಯೇ ಅವಳ ಬಾಯಿ ಮುಚ್ಚಿಸುತ್ತಾಳೆ.

ಟ್ರೆವರ್ ಸೋಮವಾರ ಅಂಗಡಿಗೆ ಬಂದು ತಲೆ ತಗ್ಗಿಸಿ ನಿಂತ. "ನನಗೆ ಒಂದು ಮಾತು ಹೇಳಿದ್ದರೆ ಕರೆಯುತ್ತಲೇ ಇರಲಿಲ್ಲ ಅಕ್ಕ."

"ಅದಕ್ಕೇ ಹೇಳಲಿಲ್ಲ" ಎಂದಳು.

ಗುಹೆಯ ಬೆಳಕನ್ನು ಪೂರ್ತಿ ಬದಲಿಸಿದ್ದಾರೆ, ಈಗ ಅದು ಅಲೆಯ ಹಾಗೆ ನಿಧಾನವಾಗಿ ಹರಿಯುತ್ತದೆ, ಗೇಟಿನಲ್ಲಿ ಎಚ್ಚರಿಕೆಯ ಬೋರ್ಡೂ ಹಾಕಿದ್ದಾರೆ ಎಂದ. ಕೆಲವರಿಗೆ ಮೊದಲಿನದ್ದೇ ಚೆನ್ನಾಗಿತ್ತಂತೆ. ಶಾಲೆಯ ಟೀಚರು ವಾರ್ಷಿಕೋತ್ಸವದ ಬಟ್ಟೆಯನ್ನು ಬೇರೆ ಕಡೆ ಕೊಟ್ಟರು. ಅದು ಆ ಕಾರಣಕ್ಕೋ ಅಲ್ಲವೋ ನಳಿನಾಕ್ಷಿಗೆ ಇನ್ನೂ ಗೊತ್ತಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಅದನ್ನೇ ಯೋಚಿಸುವುದೂ ಉಂಟು.

ಹೊಸ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಭಾವನಾ ತಾಯಿಯ ಜೊತೆ ಬಂದಳು. ನಂದಿಕೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ತಾಯಿಯ ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಗ್ಲೋರಿಯಾಳ ಶಾಲು, ಜೊತೆಗೆ ಒಂದು ಚೂಡಿದಾರದ ಬಟ್ಟೆ. ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ ಎಂದು ಹೇಳುವಾಗ ತಾಯಿಯ ದನಿ ತಾನಾಗಿ ಸಣ್ಣದಾಯಿತು, ಬಾಗಿಲ ಕಡೆ ಒಮ್ಮೆ ನೋಡಿದರು. ಆ ನೋಟ ನಳಿನಾಕ್ಷಿಗೆ ಚೆನ್ನಾಗಿ ಗೊತ್ತಿತ್ತು.

ತಾಯಿ ಗ್ಲೋರಿಯಾಳ ಜೊತೆ ಮಾತಿಗೆ ಕೂತರು. ನಳಿನಾಕ್ಷಿ ಟೇಪು ಹಿಡಿದು ಹುಡುಗಿಯ ಭುಜದ ಅಳತೆ ತೆಗೆಯುತ್ತಿದ್ದಳು.

"ಆಂಟಿ, ನಾನು ಸ್ಕೂಟರ್ ಬಿಡಬಹುದಾ?"

"ಈಗ ಬೇಡ. ಡಾಕ್ಟರು ಹೂಂ ಅನ್ನುವವರೆಗೆ ಬೇಡ."

"ಕ್ಲಾಸಿನಲ್ಲಿ ಹೇಳಬೇಕಾ? ಅಮ್ಮ ಬೇಡ ಅಂತಾರೆ."

ನಳಿನಾಕ್ಷಿ ಭುಜದ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಹೇಳದೆ ಕಳೆದ ವರ್ಷಗಳೂ ಸುಲಭವಾಗಿರಲಿಲ್ಲ, ಹೇಳಿದ ಮೇಲಿನ ಈ ದಿನಗಳೂ ಸುಲಭವಾಗಿಲ್ಲ. ಹುಡುಗಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ಪಕ್ಕದಲ್ಲಿ ಕೂರುವ ಒಬ್ಬಳಿಗೆ ಹೇಳು" ಎಂದಳು. "ಎಲ್ಲರಿಗೂ ಬೇಡ. ನಂಬುವ ಹಾಗಿರುವ ಒಬ್ಬಳಿಗೆ ಮೊದಲು. ಬಿದ್ದರೆ ಎಂತ ಮಾಡಬೇಕು ಅಂತ ಅವಳಿಗೆ ಕಲಿಸು."

"ಅವಳು ಮಾತು ಬಿಟ್ಟರೆ?"

"ಬಿಡಲೂಬಹುದು. ಹಾಗಾದರೆ ಇಲ್ಲಿಗೆ ಬಾ, ಅಂಗಡಿ ಸಂಜೆಯವರೆಗೆ ತೆರೆದಿರುತ್ತದೆ. ಈಗ ಕೈ ಎತ್ತು, ತೋಳಿನ ಅಳತೆ ತೆಗೆಯಬೇಕು. ಉದ್ದ ತೋಳೋ, ಮುಕ್ಕಾಲು ತೋಳೋ?"

ಭಾವನಾ ಕೈ ಎತ್ತಿದಳು. "ಮುಕ್ಕಾಲು" ಎಂದಳು.